ನೆಬೊ ಪದದೊಳಗೆ ಅಡಗಿದ್ದ ‘ಸ’ಕಾರ

ನನ್ನ ಕೆಲಸ ಏನು ಅಂತ ಕೇಳಿದವರಿಗೆ ಹೇಳಿದರೆ ನಗುತ್ತಾರೆ: ಯಾರೂ ಬರೆದಿಡದ ಭಾಷೆಯ ವಿಭಕ್ತಿ ಪಟ್ಟಿ ತುಂಬಿಸುವುದು. ರಷ್ಯನ್, ಪೋಲಿಷ್, ಚೆಕ್ ಎಲ್ಲದರ ಮೂಲವಾದ ಆದಿ ಸ್ಲಾವಿಕ್‌ನ ಒಂದು ಸಾಲೂ ಬರಹದಲ್ಲಿ ಉಳಿದಿಲ್ಲ. ಇವತ್ತಿನ ಭಾಷೆಗಳನ್ನೂ, ಸ್ಲಾವಿಕ್ ಭಾಷೆಗಳಲ್ಲೇ ಮೊದಲು ಬರಹಕ್ಕಿಳಿದ ಹಳೆಯ ಚರ್ಚ್ ಸ್ಲಾವಿಕ್‌ನ ಹಸ್ತಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ರೂಪ ಕಟ್ಟಬೇಕು. ಕಟ್ಟಿದ ರೂಪದ ಮುಂದೆ ನಕ್ಷತ್ರ ಚಿಹ್ನೆ ಕಡ್ಡಾಯ. ಇಲ್ಲಿ ಬಿಟ್ಟಿದ್ದೇನೆ. (ಸ್ಪ್ರೆಡ್‌ಶೀಟಿನಲ್ಲಿ ಆ ಚಿಹ್ನೆ ಹುಡುಕಲು ಹೋದರೆ ಇಡೀ ಶೀಟೇ ಸಿಗುತ್ತೆ, ಆ ಗೋಳು ಬೇರೆ.)

ಆದಿ ಸ್ಲಾವಿಕ್‌ನಲ್ಲಿ ನೆಬೊ ಅಂದರೆ ಆಕಾಶ. ನಪುಂಸಕ, ಕೊನೆಗೆ ‘ಒ’. ಸೆಲೊ, ಅಂದರೆ ಹಳ್ಳಿ, ಅದೂ ಹಾಗೇ; ಅದರ ಷಷ್ಠಿ ಸೆಲಾ. ಅದೇ ಅಚ್ಚಿಗೆ ನೆಬೊವನ್ನೂ ಹಾಕಿ, ಪಟ್ಟಿ ತುಂಬಿಸುವ ನನ್ನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಓಡಿಸಿದೆ. ಏಳು ವಿಭಕ್ತಿ, ಮೂರು ವಚನ, 21 ಮನೆ ಕ್ಷಣದಲ್ಲಿ ಭರ್ತಿ. ಷಷ್ಠಿ ‘ನೆಬಾ’ ಅಂತ ಬಂತು. ಇವತ್ತಿನ ರಷ್ಯನ್‌ನಲ್ಲೂ ನೆಬಾ ಅಂತಲೇ ಇರೋದರಿಂದ ಅನುಮಾನವೇ ಬರಲಿಲ್ಲ.

ಪರಿಶೀಲಿಸುವ ಮೇಡಂ ಒಂದೇ ಸಾಲು ಬರೆದು ಕಳಿಸಿದರು: “ಹಾಗಾದರೆ ರಷ್ಯನ್ ಬಹುವಚನದಲ್ಲಿ ನೆಬೆಸಾ ಅಂತಾರಲ್ಲ, ಆ ‘ಸ’ ಎಲ್ಲಿಂದ ಬಂತು?”

ಚರ್ಚ್ ಸ್ಲಾವಿಕ್ ತೆಗೆದು ನೋಡಿದೆ. ಷಷ್ಠಿ ನೆಬೆಸೆ, ಚತುರ್ಥಿ ನೆಬೆಸಿ. ನಾಮಪ್ರಕೃತಿಯೇ ‘ನೆಬೆಸ್’! ಆದಿ ಸ್ಲಾವಿಕ್ ಪದದ ಕೊನೆಯ ವ್ಯಂಜನಗಳನ್ನು ಉದುರಿಸಿಬಿಟ್ಟಿತು, ಹಾಗಾಗಿ ಪ್ರಥಮೆಯಲ್ಲಿ ‘ಸ’ ಹೋಯಿತು. ಪ್ರತ್ಯಯ ಹತ್ತಿದ ಕಡೆ ಅದು ಕೊನೆಯದಲ್ಲ, ನಡುವಿನದು. ಅಲ್ಲಿ ಬದುಕಿಕೊಂಡಿತು. ರಷ್ಯನ್‌ನ ನೆಬಾ ಆಮೇಲೆ ಸೆಲೊ ಥರದ ಪದಗಳನ್ನು ನೋಡಿ ಕಲಿತದ್ದು. ನನ್ನ ಸ್ಕ್ರಿಪ್ಟ್ ಮಾಡಿದ ತಪ್ಪನ್ನೇ ಭಾಷೆಯೂ ಮಾಡಿತ್ತು, ಅಷ್ಟೇ.

ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಇದು ಸಂಸ್ಕೃತದ ನಭಸ್‌ನ ಒಡಹುಟ್ಟು. ಅಲ್ಲೂ ಪ್ರಥಮೆ ನಭಃ, ಷಷ್ಠಿ ನಭಸಃ. ದಿನವಿಡೀ ಮನ, ಮನಸ್ಸು, ತಪ, ತಪಸ್ಸು ಅಂತ ಎರಡೂ ಆಡುವ ಬಾಯಿ ನಂದು, ನನಗೇ ಹೊಳೆಯಲಿಲ್ಲ. ಅಡಗಿದ್ದ ‘ಸ’ವನ್ನು ನಾವು ಮನಸ್ಸು ಅಂತ ಪ್ರಥಮೆಗೇ ಎಳೆದು ತಂದ ಹಾಗೆ ರಷ್ಯನ್ನರೂ ಚಕ್ರ ಅನ್ನೋ ಅರ್ಥದ ‘ಕೊಲೊ’ವನ್ನು ‘ಕೊಲೆಸೊ’ ಮಾಡಿಕೊಂಡಿದ್ದಾರೆ. ಸ್ಲೊವೇನಿಯನ್‌ನಲ್ಲಿ ಇನ್ನೂ ಕೊಲೊ, ಷಷ್ಠಿ ಕೊಲೆಸಾ. ಇವತ್ತು ಅದಕ್ಕೆ ಸೈಕಲ್ ಅಂತಲೂ ಅರ್ಥ.

ಈಗ ನನ್ನ ಶೀಟಿನ ಮೊದಲ ಕಾಲಂ ಪ್ರಥಮೆ ಅಲ್ಲ, ಷಷ್ಠಿ. ಆ ಸಂಜೆಯೇ ‘ಒ’ ಪದಗಳನ್ನೆಲ್ಲ ಮತ್ತೆ ಸೋಸಿದೆ. ಚೂದೊ, ಅಂದರೆ ಅದ್ಭುತ, ಸಿಕ್ಕಿತು. ಮಾತು ಅನ್ನೋ ಅರ್ಥದ ಸ್ಲೊವೊ ಸಿಕ್ಕಿತು: ಷಷ್ಠಿ ಸ್ಲೊವೆಸೆ, ಸಂಸ್ಕೃತದಲ್ಲಿ ಶ್ರವಸ್. ಅದಕ್ಕೂ ನಾನು ‘ಸ್ಲೊವಾ’ ಅಂತಲೇ ತುಂಬಿಸಿದ್ದೆ.