ಮನೆ ಬಿಯರ್‌ಗೆ ಮೊದಲು ಏನು ಕೊಳ್ಳಬೇಕು?

ಹೊಳೆಯುವ ಸ್ಟೀಲ್ ಟ್ಯಾಂಕ್ ನೋಡಿ ಮರುಳಾಗಬೇಡಿ. ಅದೆಲ್ಲ ಆಮೇಲೆ. ಒಂದು ದೊಡ್ಡ ಪಾತ್ರೆ, ಮುಚ್ಚಳ ಬಿಗಿಯಾಗಿ ಕೂರುವ ಫರ್ಮೆಂಟರ್ (ಬಿಯರ್ ಹುದುಗುವ ಡಬ್ಬ), ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಪುಟ್ಟ ಸಾಧನ), ಥರ್ಮಾಮೀಟರ್, ಬಿಯರ್ ಬಾಟಲಿಗೆ ಇಳಿಸೋಕೆ ಸೈಫನ್ ಪೈಪು, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಸಾಮಾನಿನ ಮೇಲಿನ ಸೂಕ್ಷ್ಮಜೀವಿ ಕೊಲ್ಲುವ ಸ್ಯಾನಿಟೈಸರ್, ಗಟ್ಟಿ ಬಾಟಲಿಗಳು. ಶುರು ಮಾಡೋಕೆ ಇಷ್ಟು ಸಾಕು. 20 ಲೀಟರ್ ಬಿಯರ್‌ಗೆ 25 ಲೀಟರಿನ ಫರ್ಮೆಂಟರ್ ತಗೊಳ್ಳಿ, ನೊರೆ ಉಕ್ಕೋಕೆ ಜಾಗ ಬೇಕಲ್ವಾ? ಪ್ಲಾಸ್ಟಿಕ್ಕಿನದೇ ಆಗಲಿ, ಪರವಾಗಿಲ್ಲ. ಆದರೆ ಒರಟು ಸ್ಕ್ರಬ್ಬರ್ ಹಾಕಿ ಉಜ್ಜಬೇಡಿ, ಗೀರು ಬಿದ್ದ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ ಸುಲಭಕ್ಕೆ ಹೋಗೋದಿಲ್ಲ.

ಹೈಡ್ರೋಮೀಟರ್ ಮಾತ್ರ ಬಿಡಲೇಬೇಡಿ. ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು ಅಂದ ಮಾತ್ರಕ್ಕೆ ಹುದುಗುವುದು ಮುಗಿದಿದೆ ಅಂತಲ್ಲ, ಮುಚ್ಚಳದ ಸಂದಿಯಿಂದ ಗ್ಯಾಸ್ ಸುಮ್ನೆ ಸೋರುತ್ತಿರಬಹುದು. ಸಕ್ಕರೆ ಆಲ್ಕೋಹಾಲ್ ಆದ ಹಾಗೆ ಹೈಡ್ರೋಮೀಟರ್ ರೀಡಿಂಗ್ ಇಳಿಯುತ್ತದೆ; ಶುರುವಿನಲ್ಲಿ 1.050 ಇದ್ದದ್ದು (ಬರೀ ನೀರಿಗೆ 1.000) 1.010ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು 5.2% ಅಂತ ಲೆಕ್ಕ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇದ್ದರೆ ಬಾಟಲಿಗೆ ತುಂಬಿಸಿ. ಅವಸರ ಮಾಡಿದರೆ ಉಳಿದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೇ ತಿಂದು, ಗ್ಯಾಸ್ ಜಾಸ್ತಿಯಾಗಿ, ಗಾಜು ಸಿಡಿಯುತ್ತದೆ. ತಮಾಷೆಯಲ್ಲ.

ದುಡ್ಡು ಉಳಿದರೆ ಎರಡನೇ ಫರ್ಮೆಂಟರ್ ಕೊಳ್ಳಿ. ಟ್ಯಾಂಕ್ ಇನ್ನೂ ಬೇಡ.