ರೀಫ್ ಟ್ಯಾಂಕ್ ಎಷ್ಟು ಸಣ್ಣದಿದ್ದರೆ ನಡೆಯುತ್ತದೆ?

ಮನೆಯಲ್ಲಿ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಹವಳ ಸಾಕಬೇಕು ಅಂತ ಹೊರಟವರಿಗೆ ಅಂಗಡಿಯವನು ಮೊದಲು ತೋರಿಸುವುದು ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಡಬ್ಬ. ಮೇಲೊಂದು ನೀಲಿ ದೀಪ, ಒಳಗೊಂದು ಜೋಡಿ ಕ್ಲೌನ್ ಮೀನು. "ಮೂವತ್ತು ಲೀಟರ್, ಟೇಬಲ್ ಮೇಲೇ ಕೂರುತ್ತೆ" ಅನ್ನುತ್ತಾನೆ. ಒಂದು ಘನ ಅಡಿ ಅಂದರೆ 28.3 ಲೀಟರ್. ಅದರಲ್ಲಿ ಕಲ್ಲು, ಮರಳು, ಮೇಲೆ ಖಾಲಿ ಬಿಡುವ ಒಂದು ಇಂಚು ಎಲ್ಲ ಕಳೆದರೆ ಉಳಿಯುವ ನೀರು 22–23 ಲೀಟರ್. ಆಫೀಸಿನಲ್ಲಿ ತಲೆಕೆಳಗಾಗಿ ಕೂರುವ ಕುಡಿಯುವ ನೀರಿನ ಕ್ಯಾನಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ನನ್ನ ತಮ್ಮ ಥಾಣೆಯ ಘೋಡ್‌ಬಂದರ್ ರೋಡಿನಲ್ಲಿ ಒನ್ ಬಿಎಚ್‌ಕೆ ತೆಗೆದುಕೊಂಡಾಗಿನಿಂದ ಈ ಡಬ್ಬದ ಮೇಲೆ ಕಣ್ಣಿಟ್ಟಿದ್ದಾನೆ. ನಮ್ಮ ಮುಲುಂಡಿನ ಮನೆಗೆ ಬಂದಾಗಲೆಲ್ಲ ನನ್ನ ಟ್ಯಾಂಕಿನ ಮುಂದೆ ಕೂತು ಅದೇ ಪ್ರಶ್ನೆ: "ಅಕ್ಕಾ, ನಿಂದು ಯಾಕೆ ಇಷ್ಟು ದೊಡ್ಡದು? ನಂಗೆ ಆ ಸಣ್ಣದು ಸಾಕಲ್ವಾ?" ನನ್ನದೇನೂ ದೊಡ್ಡದಲ್ಲ. ಎರಡಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಲೆಕ್ಕಕ್ಕೆ 127 ಲೀಟರ್, ನಿಜವಾದ ನೀರು ನೂರರ ಆಸುಪಾಸು. ಮುಂಬಯಿಯಲ್ಲಿ, ನಮ್ಮ ಹಾಗೆ ಬೆಳಿಗ್ಗೆ ಲೋಕಲ್ ಹತ್ತಿ ರಾತ್ರಿ ಇಳಿಯುವವರಿಗೆ, ಇದಕ್ಕಿಂತ ಕೆಳಗೆ ಹೋಗಬೇಡಿ ಅನ್ನುವುದು ನನ್ನ ಮಾತು. ಆದರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಪೂರ್ತಿ ಸರಿಯಿಲ್ಲ.

"ನೀರು ಹೆಚ್ಚಿದ್ದರೆ ಉಪ್ಪು ಏರುಪೇರಾಗುವುದಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಕುದಿಯುತ್ತಿರುವ ಸಾರು ಬತ್ತಿದಷ್ಟೂ ಉಪ್ಪಾಗುವ ಹಾಗೆ ಇಲ್ಲೂ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಅದು ನಿಜ. ಆದರೆ ಆವಿ ಹೋಗುವುದು ಟ್ಯಾಂಕಿನ ಬಾಯಿಯಿಂದ, ಹೊಟ್ಟೆಯಿಂದ ಅಲ್ಲ. ನನ್ನ ಟ್ಯಾಂಕಿನ ಬಾಯಿ ಆ ಡಬ್ಬದ ಬಾಯಿಗಿಂತ ಮೂರು ಪಟ್ಟು ದೊಡ್ಡದು, ಆದ್ದರಿಂದ ಆರುವ ನೀರೂ ಮೂರು ಪಟ್ಟು. ಡಬ್ಬದಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಆರಿತು ಅಂದುಕೊಳ್ಳಿ, ಕಿಲೋ ನೀರಿಗೆ 35 ಗ್ರಾಂ ಇದ್ದ ಉಪ್ಪು 36.2ಕ್ಕೆ ಹೋಗುತ್ತದೆ. ನನ್ನದರಲ್ಲಿ ಎರಡೂಕಾಲು ಲೀಟರ್ ಆರಿ 35.8. ವ್ಯತ್ಯಾಸ ಇದೆ, ಆದರೆ ಅಂಗಡಿಯಲ್ಲಿ ಹೇಳುವಷ್ಟಿಲ್ಲ. ಅದೂ ಬಂದದ್ದು ನೀರಿನ ಆಳದಿಂದ. ಆರಿದಷ್ಟು ಸಿಹಿನೀರನ್ನು ತಾನೇ ತುಂಬುವ ಆಟೋ ಟಾಪ್ ಆಫ್ ಒಂದನ್ನು ಹಾಕಿಬಿಟ್ಟರೆ ಈ ಚರ್ಚೆಯೇ ಮುಗಿಯಿತು. ಎಷ್ಟು ಸಣ್ಣ ಟ್ಯಾಂಕಾದರೂ ಉಪ್ಪು ನಿಂತಲ್ಲೇ ನಿಲ್ಲುತ್ತದೆ.

ನಿಲ್ಲದೇ ಇರುವುದು ಸೆಖೆ.

ಹವಳಕ್ಕೆ ಬೇಕಾದ್ದು 25–26 ಡಿಗ್ರಿ. ಮುಂಬಯಿಯ ಮೇ ತಿಂಗಳಿನಲ್ಲಿ, ಮತ್ತೆ ಮಳೆ ಮುಗಿದ ಮೇಲಿನ ಅಕ್ಟೋಬರಿನಲ್ಲಿ, ಬಾಗಿಲು ಹಾಕಿದ ಫ್ಲಾಟಿನೊಳಗೆ ಮಧ್ಯಾಹ್ನ 33–34 ಆಗುತ್ತದೆ. ನೀರು 30 ದಾಟಿ ಹಾಗೇ ಕೂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ. ಇದರ ಮೇಲೆ ಒಳಗೇ ಇರುವ ಪಂಪಿನ ಶಾಖ ಬೇರೆ. 20 ವಾಟಿನ ಪಂಪ್, ಶಾಖ ಹೊರಗೆ ಹೋಗಲು ದಾರಿಯೇ ಇಲ್ಲ ಅಂದುಕೊಂಡು ಲೆಕ್ಕ ಹಾಕಿದರೆ, ಆ ಡಬ್ಬದ ನೀರನ್ನು ಗಂಟೆಗೆ ಮುಕ್ಕಾಲು ಡಿಗ್ರಿ ಏರಿಸುತ್ತದೆ. ನೂರು ಲೀಟರಿನಲ್ಲಿ ಅದೇ ಪಂಪು ಏರಿಸುವುದು ಕಾಲು ಡಿಗ್ರಿಗೂ ಕಡಿಮೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಒಣ ಗಾಳಿ ಇದ್ದಾಗ. ಬಟ್ಟೆಯೇ ಎರಡು ದಿನ ಒಣಗದ ಜುಲೈಯಲ್ಲಿ ಫ್ಯಾನಿನಿಂದ ಏನಾದೀತು?

ಹಾಗಾಗಿ ಈ ಊರಿನಲ್ಲಿ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ತೆಗೆದುಕೊಳ್ಳಲೇಬೇಕು. ಇಲ್ಲೇ ಸಣ್ಣ ಟ್ಯಾಂಕಿನ ಆಸೆ ಮುರಿದುಬೀಳುವುದು. ಚಿಲ್ಲರಿನಲ್ಲಿ ಸಣ್ಣದು ಅಂದರೆ ಸಾಮಾನ್ಯವಾಗಿ ಸಿಗುವುದು ಹತ್ತನೇ ಒಂದು ಎಚ್‌ಪಿಯದ್ದು. ಅದು ಇಪ್ಪತ್ತು ಲೀಟರಿಗೂ ಅದೇ, ನೂರಕ್ಕೂ ಅದೇ. ಅದೇ ಬೆಲೆ, ಅದೇ ಸದ್ದು, ನಡುಮನೆಗೆ ಉಗುಳುವ ಬಿಸಿ ಗಾಳಿಯೂ ಅದೇ. ಟಾಪ್ ಆಫ್, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್, ನೀರು ಶುದ್ಧ ಮಾಡುವ ಆರ್‌ಓ ಡಿಐ ಫಿಲ್ಟರ್ ಇವೆಲ್ಲದರ ಕತೆಯೂ ಇಷ್ಟೇ. ಖರ್ಚಿನಲ್ಲಿ ಗಾಜಿನ ಪಾಲು ತೀರಾ ಕಡಿಮೆ. ಗಾಜಿನಲ್ಲಿ ಉಳಿಸಿ, ಉಳಿದ ಎಲ್ಲಕ್ಕೂ ಪೂರ್ತಿ ಬೆಲೆ ಕೊಟ್ಟು, ಕೊನೆಗೆ ಒಂದು ಶಂಖದ ಹುಳು ಸತ್ತರೂ ವಿಷವಾದ ಅಮೋನಿಯಾ ಏರಿಬಿಡುವಷ್ಟು ಕಡಿಮೆ ನೀರು ಇಟ್ಟುಕೊಳ್ಳುವುದು ಯಾವ ಜಾಣತನ? ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಇದು ಬೇಗ ಕಾಣುತ್ತದೆ ಅನ್ನಿ.

ಇದಕ್ಕೆ ಎದುರು ಸಾಕ್ಷಿ ನಮ್ಮ ಬಿಲ್ಡಿಂಗಿನಲ್ಲೇ ಇದೆ. ಮೂರನೇ ಮಹಡಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಅಂಕಲ್ ಒಬ್ಬರು ನಲವತ್ತು ಲೀಟರಿನದನ್ನು ನಾನು ಹೊಟ್ಟೆಕಿಚ್ಚು ಪಡುವಷ್ಟು ಚೆಂದ ಇಟ್ಟಿದ್ದಾರೆ. ಅವರ ಹಾಲಿನಲ್ಲಿ ಎಸಿ ಇದೆ, ಅವರು ಮನೆಯಲ್ಲೇ ಇರುತ್ತಾರೆ, ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ನೋಡುತ್ತಾರೆ. ಮೀನು ಒಂದೂ ಇಲ್ಲ, ಒಂದು ಸೀಗಡಿ, ಎರಡು ಸನ್ಯಾಸಿ ಏಡಿ. ಹೀಗೆ ಇರಬಲ್ಲವರು ನಲವತ್ತು ಲೀಟರ್ ಇಡಲಿ. ಚೌತಿಗೆ ಮತ್ಸ್ಯಗಂಧಾ ಹಿಡಿದು ಊರಿಗೆ ಹೋಗುವ ನನ್ನಂಥವರಿಗೆ ಅದು ಆಗದ ಮಾತು.

ಇನ್ನು ಮೇಲಿನ ಮಿತಿ. "ಹಾಗಾದರೆ ನಾಲ್ಕಡಿಯದ್ದೇ ತರುತ್ತೇನೆ" ಅಂತ ತಮ್ಮ ಒಂದು ದಿನ ಇನ್ನೊಂದು ತುದಿಗೆ ಹಾರಿದ. ನಾಲ್ಕು, ಎರಡು, ಎರಡು ಅಡಿ ಅಂದರೆ 453 ಲೀಟರ್. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿ ಆರುನೂರೈವತ್ತು ಕಿಲೋ ಹತ್ತಿರ ಬರುತ್ತದೆ, ಮುಕ್ಕಾಲು ಚದರ ಮೀಟರ್ ಜಾಗದಲ್ಲಿ. ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಅಂತ ಲೆಕ್ಕ ಹಿಡಿದು ಕಟ್ಟುತ್ತಾರೆ. ಒಂದು ಮೂಲೆಯಲ್ಲಿ ಹೆಚ್ಚಾದ ಭಾರ ಸುತ್ತಲಿನ ಸ್ಲ್ಯಾಬಿಗೂ ಹಂಚಿಹೋಗುತ್ತದೆ, ತೊಲೆಯ ಮೇಲೆ ಗೋಡೆಗೆ ಒತ್ತಿ ಇಟ್ಟರೆ ಇನ್ನೂ ವಾಸಿ. ಆದರೂ ಹಳೆಯ ಕಟ್ಟಡದಲ್ಲಿ ಇಂಜಿನಿಯರನ್ನು ಕೇಳದೆ ಇಡುವ ವಸ್ತು ಅಲ್ಲ ಅದು. ನನ್ನದು ಎಲ್ಲ ಸೇರಿ ಇನ್ನೂರು ಕಿಲೋ, ಒಂದು ತುಂಬಿದ ಗೋದ್ರೆಜ್ ಕಪಾಟು ನಿಲ್ಲುವ ಮೂಲೆಯಲ್ಲಿ ನಿಂತಿದೆ. ನೀರು ಹೊರುವ ಕೆಲಸವೂ ಇದೆಯಲ್ಲ. ವಾರಕ್ಕೆ ಹತ್ತನೇ ಒಂದು ಭಾಗ ಬದಲಿಸುವುದಾದರೆ ನನಗೆ ಹತ್ತು ಲೀಟರ್, ಅಂದರೆ ಒಂದು ಬಕೆಟ್, ಅದಕ್ಕೆ 360 ಗ್ರಾಂ ಆಸುಪಾಸು ಉಪ್ಪು. ನಾಲ್ಕಡಿಗೆ ನಾಲ್ಕು ಬಕೆಟ್. ಒಂದು ಬಕೆಟ್ ಆರ್‌ಓ ನೀರಿಗೆ ಸುಮಾರು ಮೂರು ಬಕೆಟ್ ಹೊರಹೋಗುತ್ತದೆ, ನಮ್ಮಲ್ಲಿ ನೀರು ಬರುವುದು ಗಂಟೆ ಲೆಕ್ಕದಲ್ಲಿ. ನನ್ನ ಒಂದು ಬಕೆಟ್ಟಿನ ವೇಸ್ಟ್ ನೆಲ ಒರೆಸುವುದರಲ್ಲಿ, ಬಟ್ಟೆ ನೆನೆಸುವುದರಲ್ಲಿ ಮುಗಿಯುತ್ತದೆ, ನಾಲ್ಕರದ್ದು ಎಲ್ಲಿಗೆ ಹಾಕುವುದು?

ನೂರು ಲೀಟರಿನಲ್ಲಿ ಏನು ಸಾಕಬಹುದು ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ಒಂದು ಜೋಡಿ ಒಸಿಲ್ಲಾರಿಸ್ ಕ್ಲೌನ್, ಒಂದು ಗೋಬಿ ಮೀನು, ಸಾಕು. ತಮ್ಮನ ಮನಸ್ಸಿನಲ್ಲಿರುವ ನೀಲಿ ಟ್ಯಾಂಗ್ ಮೀನು ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ ಒಂದಡಿ. ಅದಕ್ಕೆ ಈಜಲು ಆರಡಿ ಉದ್ದದ ಟ್ಯಾಂಕ್ ಬೇಕು. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಕೋಪೆಪಾಡು ಎಂಬ ಸಣ್ಣ ಜೀವಿಗಳನ್ನು ಇಡೀ ದಿನ ಹೆಕ್ಕಿ ತಿನ್ನುತ್ತದೆ, ನೂರು ಲೀಟರಿನಲ್ಲಿ ಅಷ್ಟು ಹುಟ್ಟುವುದಿಲ್ಲ, ನಿಧಾನಕ್ಕೆ ಉಪವಾಸ ಬಿದ್ದು ಸಾಯುತ್ತದೆ. ಸಮುದ್ರಕುದುರೆಯ ಆಸೆ ಬೇಡವೇ ಬೇಡ. ಅದೂ, ರೀಫ್ ಕಟ್ಟುವ ಕಲ್ಲುಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಅಂಗಡಿಯಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ ಕಾನೂನು ಒಪ್ಪಿದೆ ಅಂತಲ್ಲ. ಕೋಸ್ಟಲ್ ರೋಡಿಗಾಗಿ ಹಾಜಿ ಅಲಿ, ವರ್ಳಿಯ ಬಂಡೆಗಳ ಮೇಲಿದ್ದ ಹವಳಗಳನ್ನು 2020ರಲ್ಲಿ ಬೇರೆಡೆಗೆ ಸಾಗಿಸಿದ್ದು ಇದೇ ಕಾಯ್ದೆಯ ದೆಸೆಯಿಂದ. ಕಲ್ಲು ಕಟ್ಟದ ಮೃದು ಹವಳ, ಅವುಗಳ ಹಾಗೇ ಮೆತ್ತಗಿರುವ ಮಶ್ರೂಮ್, ಝೋವಾ ಎಂಬ ಹವಳದ ಜಾತಿಗಳು, ಇಷ್ಟರಲ್ಲೇ ನನ್ನ ಸಂತೋಷ. ಇವು ಕ್ಯಾಲ್ಸಿಯಂ ಹೆಚ್ಚು ಎಳೆಯುವುದಿಲ್ಲವಾದ್ದರಿಂದ ವಾರದ ಒಂದು ಬಕೆಟ್ಟೇ ಸಾಕಾಗುತ್ತದೆ, ಕ್ಯಾಲ್ಸಿಯಂ ತಾನೇ ಹಾಕುವ ಡೋಸಿಂಗ್ ಪಂಪಿನ ಗೊಡವೆಯಿಲ್ಲ. ಝೋವಾ ಮುಟ್ಟುವಾಗ ಗ್ಲೌಸ್ ಹಾಕಿ, ಅದರ ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ.

ತಮ್ಮ ಈಗ ಎರಡಡಿಗೆ ಇಳಿದಿದ್ದಾನೆ. ಕೆಳಗೆ ಸಂಪ್, ಅಂದರೆ ಫಿಲ್ಟರಿಗೆ ಇನ್ನೊಂದು ಸಣ್ಣ ತೊಟ್ಟಿ, ಇಡುವುದಾದರೆ ನೀರು ಇಳಿಯುವ ಗಾಜಿನ ತೂತನ್ನು ಟ್ಯಾಂಕ್ ಅಂಟಿಸುವ ಮೊದಲೇ ಮಾಡಿಸು ಅಂದಿದ್ದೇನೆ. ಕರೆಂಟ್ ಹೋದಾಗ ಮೇಲಿನಿಂದ ಇಳಿದು ಬರುವ ನೀರಿಗೆ ಸಂಪಿನಲ್ಲಿ ಖಾಲಿ ಜಾಗ ಬಿಡಬೇಕು, ಅದನ್ನು ಪಂಪ್ ಆರಿಸಿ ನೋಡಿ ಗುರುತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಉಪ್ಪುನೀರಿನ ಕಲೆ, ಸೊಸೈಟಿ ಮೀಟಿಂಗಿನಲ್ಲಿ ನಿನ್ನ ಹೆಸರು.