ಉಣ್ಣೆಯ ಕೆಳಗಿನ ಬೆನ್ನು

ದಕ್ಷಿಣ ಅಮೆರಿಕದ ಎತ್ತರದ ಪ್ರದೇಶದ, ಒಂಟೆಯ ಕುಟುಂಬಕ್ಕೆ ಸೇರಿದ ಉಣ್ಣೆಯ ಪ್ರಾಣಿ ಅಲ್ಪಾಕಾ. ಹೊಸ ದೇಶದಲ್ಲಿ ನಾವು ಅದರ ಸಾಕಣೆ ಆರಂಭಿಸಿ ಈಗ ನಾಲ್ಕು ವರ್ಷಗಳಾಗಿವೆ. ಉಣ್ಣೆಗಾಗಿ ಈ ಪ್ರಾಣಿಯನ್ನು ಸಾಕಬೇಕೆಂದಿರುವವರು ಮೊದಲು ಕೇಳುವುದು ಎಷ್ಟು ಜಮೀನು ಬೇಕು, ಎಷ್ಟು ಪ್ರಾಣಿಗಳಿಂದ ಶುರುಮಾಡಬೇಕು ಎಂದು. ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಕೈಗೆ ಒಂದು ಅಭ್ಯಾಸ ಬೇಕು: ಪ್ರತಿಯೊಂದು ಪ್ರಾಣಿಯ ಉಣ್ಣೆಯೊಳಗೆ ಬೆರಳು ತೂರಿಸಿ ಬೆನ್ನುಮೂಳೆಯನ್ನು ಮುಟ್ಟಿ ನೋಡುವ ಅಭ್ಯಾಸ. ಅದನ್ನು ನಾನು ತಡವಾಗಿ ಕಲಿತೆ.

ನಾವು ಮೊದಲು ಕೊಂಡದ್ದು ಬೀಜ ಒಡೆಸಿದ ಮೂರು ಗಂಡುಗಳನ್ನು. ಅಲ್ಪಾಕಾ ಹಿಂಡಿನ ಪ್ರಾಣಿ. ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ, ಹಾಗಾಗಿ ಮೂರಕ್ಕಿಂತ ಕಡಿಮೆ ತರಬೇಡಿ ಎಂದು ಅನುಭವಿಗಳು ಹೇಳಿದ್ದರು. ಆ ಮೂರರಿಂದ ನಮಗೆ ಹೆಚ್ಚು ತೊಂದರೆಯಾಗಲಿಲ್ಲ. ಅವು ಬೇಲಿಯನ್ನು ಮುರಿಯುತ್ತಿರಲಿಲ್ಲ, ಗಟ್ಟಿ ಗೊರಸಿನ ಬದಲು ಮೆತ್ತನೆಯ ಪಾದವಿರುವುದರಿಂದ ನೆಲ ಕೆದರಿಹೋಗುತ್ತಿರಲಿಲ್ಲ, ಮೂರೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತಿದ್ದುದರಿಂದ ಗುಡಿಸುವ ಕೆಲಸವೂ ಸುಲಭವಾಗಿತ್ತು. ಮುಂದಿನ ವರ್ಷ ಗಬ್ಬದ ಎರಡು ಹೆಣ್ಣುಗಳು ಬಂದವು. ಸುಮಾರು ಹನ್ನೊಂದೂವರೆ ತಿಂಗಳು ಗರ್ಭ ಹೊತ್ತು ಒಂದೇ ಒಂದು ಮರಿ ಹಾಕುವ ಪ್ರಾಣಿ ಇದಾದ್ದರಿಂದ, ಹಿಂಡು ಬೇಗ ದೊಡ್ಡದಾಗಲಿ ಎಂದು ಆತುರಪಡುವವರಿಗೆ ಇದು ಹೊಂದುವ ಕೆಲಸವಲ್ಲ.

ಅಲ್ಪಾಕಾವನ್ನು ಅದರ ತವರಿನಿಂದ ಬೇರೆ ದೇಶಕ್ಕೆ ಒಯ್ದು ಉಣ್ಣೆಯ ಉದ್ಯಮ ಕಟ್ಟುವ ಕನಸು ಹಳೆಯದು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಟೈಟಸ್ ಸಾಲ್ಟ್ ಅಲ್ಪಾಕಾ ನೂಲಿನ ಬಟ್ಟೆಯಿಂದ ಹೆಸರು ಮಾಡಿದ್ದ ಕಾಲದಲ್ಲಿ, ಚಾರ್ಲ್ಸ್ ಲೆಜರ್ ಎಂಬ ವ್ಯಾಪಾರಿ ದೊಡ್ಡದೊಂದು ಹಿಂಡನ್ನು ದಕ್ಷಿಣ ಅಮೆರಿಕದ ಪರ್ವತಗಳ ಮೂಲಕ ಗುಟ್ಟಾಗಿ ಸಾಗಿಸಿ, ದಾರಿಯಲ್ಲಿ ಅನೇಕ ಪ್ರಾಣಿಗಳನ್ನು ಕಳೆದುಕೊಂಡು, ಉಳಿದ ಸುಮಾರು 250ನ್ನು 1858ರಲ್ಲಿ ಸಿಡ್ನಿಯ ದಡಕ್ಕೆ ಇಳಿಸಿದ. ಕೆಲವೇ ವರ್ಷಗಳಲ್ಲಿ ಆ ಹಿಂಡು ಮಾರಾಟವಾಗಿ ಚದುರಿಹೋಯಿತು. ಆಸ್ಟ್ರೇಲಿಯಾದಲ್ಲಿ ಅಲ್ಪಾಕಾ ಸಾಕಣೆ ನಿಜವಾಗಿ ಬೇರೂರಿದ್ದು 1980ರ ದಶಕದ ಕೊನೆಯ ಆಮದುಗಳ ನಂತರವೇ. ಪ್ರಾಣಿಯನ್ನು ದಡ ಮುಟ್ಟಿಸುವುದು ಬೇರೆ, ಹೊಸ ನೆಲಕ್ಕೆ ಒಗ್ಗಿಸುವುದು ಬೇರೆ ಎಂಬುದು ನಮ್ಮ ಎರಡನೆಯ ವರ್ಷದಲ್ಲಿ ನನಗೂ ಅರ್ಥವಾಯಿತು.

ಆ ವರ್ಷದ ಶರತ್ಕಾಲದಲ್ಲಿ ಕಂದು ಬಣ್ಣದ ಹೆಣ್ಣು ಬೇಲಿಯ ಈಚೆಯಿಂದ ನೋಡಿದರೆ ದುಂಡಗೆ, ತುಂಬಿಕೊಂಡಂತೆ ಕಾಣುತ್ತಿತ್ತು. ಮೇಯುತ್ತಿತ್ತು, ಮೆಲುಕು ಹಾಕುತ್ತಿತ್ತು. ಉಗುರು ಕತ್ತರಿಸಲೆಂದು ಹಿಡಿದಾಗ ಸೊಂಟದ ಮೇಲೆ ಇಟ್ಟ ನನ್ನ ಅಂಗೈಗೆ ಬೆನ್ನುಮೂಳೆ ಚಾವಣಿಯ ಏಣಿನಂತೆ ಚೂಪಾಗಿ ತಾಗಿತು. ಮೂಳೆಯ ಎರಡೂ ಬದಿಯ ಮಾಂಸ ಕರಗಿ ಹಳ್ಳವಾಗಿತ್ತು. ಐದು ತಿಂಗಳು ಬೆಳೆದ ಉಣ್ಣೆ ಆ ಹಳ್ಳವನ್ನು ಮುಚ್ಚಿಕೊಂಡಿತ್ತು. ಪಶುವೈದ್ಯೆ ಬಂದು ಮೊದಲು ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಮಗುಚಿ ನೋಡಿದರು. ಕೆಂಪಗಿರಬೇಕಾದ ಒಳಭಾಗ ಬಿಳಿಚಿಕೊಂಡಿತ್ತು. ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳುಗಳಿದ್ದವು. ಅವುಗಳ ಮರಿಗಳು ಬೆಚ್ಚಗಿನ, ತೇವದ ಹುಲ್ಲಿನಲ್ಲಿ ಬೆಳೆದು, ಹುಲ್ಲಿನೊಂದಿಗೇ ಪ್ರಾಣಿಯ ಹೊಟ್ಟೆ ಸೇರುತ್ತವೆ. ಪೆರು ಮತ್ತು ಬೊಲಿವಿಯಾದಲ್ಲಿ 4,000 ಮೀಟರ್ ಆಸುಪಾಸಿನ ಬಯಲಿನ ಒಣ ಚಳಿಗೆ, ಒರಟು ಹುಲ್ಲಿಗೆ ಸಾವಿರಾರು ವರ್ಷಗಳಿಂದ ಒಗ್ಗಿದ ಈ ದೇಹಕ್ಕೆ, ನಾನು ಹೆಮ್ಮೆಯಿಂದ ತೋರಿಸುತ್ತಿದ್ದ ನಮ್ಮ ಹಸಿರು ಹುಲ್ಲುಗಾವಲೇ ಕಂಟಕವಾಗಿತ್ತು. ಅಂದಿನಿಂದ ಹಿಕ್ಕೆಯನ್ನು ಪರೀಕ್ಷೆಗೆ ಕಳುಹಿಸಿ, ಹುಳುವಿನ ಮೊಟ್ಟೆಗಳ ಲೆಕ್ಕ ನೋಡಿ, ಅಗತ್ಯವಿದ್ದ ಪ್ರಾಣಿಗೆ ಮಾತ್ರ ಔಷಧ ಕೊಡುತ್ತೇವೆ. ಎಲ್ಲಕ್ಕೂ ಕಣ್ಣುಮುಚ್ಚಿ ಔಷಧ ಕುಡಿಸುತ್ತಾ ಹೋದರೆ ಹುಳುಗಳೇ ಆ ಔಷಧಕ್ಕೆ ಜಗ್ಗದಂತಾಗುತ್ತವೆ.

ಅದೇ ಚಳಿಗಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. ತಡವಾಗಿ ಹುಟ್ಟಿದ ಕಪ್ಪು ಮರಿ ತೂಕ ಏರದೆ ನಿಂತಿತು, ಬೆನ್ನು ಬಾಗಿಸಿ ಕಾಲುಗಳನ್ನು ಸೆಟೆದುಕೊಂಡು ನಡೆಯತೊಡಗಿತು. ಅದು ವಿಟಮಿನ್ ಡಿ ಕೊರತೆ. ಆಂಡೀಸ್‌ನ ಎತ್ತರದಲ್ಲಿ ಬಿಸಿಲು ಎಷ್ಟು ತೀಕ್ಷ್ಣವೆಂದರೆ, ದಟ್ಟ ಉಣ್ಣೆಯ ಪ್ರಾಣಿಗೂ ಮುಖ, ಕಿವಿ, ಕಾಲುಗಳ ತೆರೆದ ಚರ್ಮದಿಂದಲೇ ಬೇಕಾದಷ್ಟು ದೊರೆಯುತ್ತದೆ. ಭೂಮಧ್ಯರೇಖೆಯಿಂದ ದೂರದ ದೇಶಗಳ ಮೋಡ ಕವಿದ ಚಳಿಗಾಲದಲ್ಲಿ ಅದು ಸಾಲುವುದಿಲ್ಲ, ಕಪ್ಪು ಬಣ್ಣದ ಎಳೆಯ ಮರಿಗಳಿಗಂತೂ ಇನ್ನೂ ಕಷ್ಟ. ಚುಚ್ಚುಮದ್ದು ಕೊಟ್ಟ ಮೇಲೆ ಮರಿ ಚೇತರಿಸಿಕೊಂಡಿತು. ಈಗ ವಾರಕ್ಕೊಮ್ಮೆ ಮರಿಗಳನ್ನು ತೂಗುತ್ತೇನೆ, ಚಳಿಗಾಲ ಪೂರ್ತಿ ವಿಟಮಿನ್ ತಪ್ಪಿಸುವುದಿಲ್ಲ.

ಉಣ್ಣೆಯ ಮಾತಿಗೆ ಬರುತ್ತೇನೆ. ನಮ್ಮವು ಗುಂಗುರು ಉಣ್ಣೆಯ ಹುವಕಾಯಾ ತಳಿಯವು. ಎಳೆಗಳು ಜಡೆಯಂತೆ ಇಳಿಬೀಳುವ ಸೂರಿ ಇನ್ನೊಂದು ಬಗೆ. ವರ್ಷಕ್ಕೊಮ್ಮೆ, ಬೇಸಿಗೆ ಕಾಲಿಡುವ ಹೊತ್ತಿಗೆ, ಪ್ರಾಣಿಯನ್ನು ಮಗ್ಗುಲಿಗೆ ಮಲಗಿಸಿ ಕಾಲುಗಳನ್ನು ಹಗ್ಗದಿಂದ ಹಿಡಿದುಕೊಂಡು ಉಣ್ಣೆ ಕತ್ತರಿಸುತ್ತಾರೆ. ಬೆನ್ನು ಮತ್ತು ಪಕ್ಕೆಗಳಿಂದ ಒಂದೇ ಕಂಬಳಿಯಂತೆ ಬಿಚ್ಚಿಕೊಳ್ಳುವುದು ಉತ್ತಮ ದರ್ಜೆ. ಕುತ್ತಿಗೆಯದು, ಕಾಲು ಮತ್ತು ಹೊಟ್ಟೆಯದು ಬೇರೆ ಬೇರೆ ಚೀಲಗಳಿಗೆ ಹೋಗಬೇಕು. ಜಾಲರಿಯ ಮೇಜಿನ ಮೇಲೆ ಹರಡಿ ಹುಲ್ಲುಕಡ್ಡಿ, ಒರಟು ಕೂದಲುಗಳನ್ನು ಆರಿಸುವುದು ಬಹಳ ಹೊತ್ತು ಹಿಡಿಯುವ ಕೆಲಸ, ಆದರೆ ನೂಲಿನ ಗುಣ ನಿಲ್ಲುವುದು ಅಲ್ಲಿಯೇ. ಕುರಿಯ ಉಣ್ಣೆಯಲ್ಲಿರುವಂತಹ ಜಿಡ್ಡು ಇದರಲ್ಲಿ ಬಹಳ ಕಡಿಮೆ, ಕೈಗೆ ಧೂಳು ಮೆತ್ತಿಕೊಳ್ಳುತ್ತದೆಯೇ ಹೊರತು ಅಂಟುವುದಿಲ್ಲ. ನೂಲುವ ಗಿರಣಿ ಕನಿಷ್ಠ ಎಷ್ಟು ಕಿಲೋ ಸ್ವೀಕರಿಸುತ್ತದೆ, ಎಷ್ಟು ಉದ್ದದ ಎಳೆ ಕೇಳುತ್ತದೆ, ಬಣ್ಣಗಳನ್ನು ಬೇರೆಯಾಗಿ ನೂಲುತ್ತದೆಯೇ ಎಂಬುದನ್ನು ಪ್ರಾಣಿ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ ವರ್ಷ ಕಂದು ಹೆಣ್ಣಿನ ಉಣ್ಣೆ ನೋಡಲು ಸೊಗಸಾಗಿತ್ತು: ನಯವಾಗಿತ್ತು, ಹೊಳಪಿತ್ತು, ಸುಮಾರು ಹತ್ತು ಸೆಂಟಿಮೀಟರ್ ಉದ್ದವೂ ಇತ್ತು. ಕತ್ತರಿಸಲು ಬಂದವರು ಪೆನ್ಸಿಲ್‌ನಷ್ಟು ದಪ್ಪದ ಒಂದು ಎಸಳನ್ನು ಎತ್ತಿ, ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು, ನನ್ನ ಕಿವಿಯ ಹತ್ತಿರ ತಂದು ಜಗ್ಗಿದರು. ಚರಚರ ಸದ್ದಾಗಿ ಎಸಳು ಎರಡು ತುಂಡಾಯಿತು. ಇನ್ನೊಂದನ್ನು ಎಳೆದರು, ಅದೂ ತುದಿಯಿಂದ ಸುಮಾರು ನಾಲ್ಕು ಸೆಂಟಿಮೀಟರ್ ದೂರದಲ್ಲಿ, ಅದೇ ಜಾಗದಲ್ಲಿ ತುಂಡಾಯಿತು. ಪ್ರಾಣಿ ಸೊರಗಿದ್ದ ದಿನಗಳಲ್ಲಿ ಬೆಳೆದ ಎಳೆ ಸಪೂರವಾಗಿ ಶಕ್ತಿಗುಂದಿರುತ್ತದೆ. ಅಂತಹ ಉಣ್ಣೆ ಗಿರಣಿಯ ಯಂತ್ರದಲ್ಲಿ ನಿಲ್ಲದೆ ತುಂಡುತುಂಡಾಗುತ್ತದೆ. ಶರತ್ಕಾಲದಲ್ಲಿ ನನ್ನ ಕಣ್ಣು ತಪ್ಪಿಸಿದ ಆ ಕೆಲವು ವಾರಗಳು ಪ್ರತಿ ಎಸಳಿನಲ್ಲೂ ಉಳಿದುಕೊಂಡಿದ್ದವು. ಆ ಚೀಲವನ್ನು ನೂಲಿಗೆ ಕಳುಹಿಸಲಿಲ್ಲ, ಹಾಸಿಗೆಗೆ ತುಂಬಿದೆವು.

ಈಗ ಪ್ರತಿ ತಿಂಗಳು ಪ್ರತಿಯೊಂದರ ಬೆನ್ನು ಮುಟ್ಟಿ, ಒಂದರಿಂದ ಐದರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆದಿಡುತ್ತೇನೆ: ಒಂದು ಎಂದರೆ ತೀರ ಸೊರಗಿದ್ದು, ಐದು ಎಂದರೆ ಅತಿಯಾಗಿ ಕೊಬ್ಬಿದ್ದು, ಮೂರು ಸರಿಯಾದ ಮೈಕಟ್ಟು. ಕಂದು ಹೆಣ್ಣಿನ ಸಾಲಿನಲ್ಲಿ ಕಳೆದ ಹನ್ನೆರಡು ತಿಂಗಳೂ ಮೂರು ಎಂದೇ ಇದೆ. ಈ ಬಾರಿ ಉಣ್ಣೆ ಕತ್ತರಿಸಿದ ದಿನ ಅದರ ಪಕ್ಕೆಯ ಒಂದು ಎಸಳನ್ನು ನಾನೇ ಕಿವಿಯ ಬಳಿ ಹಿಡಿದು ಜೋರಾಗಿ ಜಗ್ಗಿದೆ. ತಂತಿ ಮೀಟಿದಂತೆ ಸಣ್ಣ ಸದ್ದು ಬಂತು, ಎಸಳು ತುಂಡಾಗಲಿಲ್ಲ. ಅದನ್ನು ಕಾಗದದ ಲಕೋಟೆಯೊಳಗೆ ಹಾಕಿ, ಹಿಂದಿನ ಆ ಎರಡು ತುಂಡುಗಳನ್ನಿಟ್ಟ ಲಕೋಟೆಯ ಪಕ್ಕದಲ್ಲಿ ಇಟ್ಟಿದ್ದೇನೆ.